ಜುಲೈ ತಿಂಗಳಲ್ಲಿ ಒಡೆದ ಬೆರಳು

ಮಡಿಕೇರಿ, ಜುಲೈ ಎರಡನೇ ವಾರ, ಬೆಳಗ್ಗೆ ಒಂಬತ್ತೂವರೆ. ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲಲ್ಲಿ ಕೊಡೆಗಳ ರಾಶಿ. ಕಾಲೊರೆಸಲು ಹಾಸಿದ ಗೋಣಿಚೀಲ ಆಗಲೇ ನೀರು ಕುಡಿದು ಭಾರವಾಗಿದೆ. ಬೆಂಚಿನ ಮೇಲೆ ಕೂತವರಲ್ಲಿ ಅರ್ಧದಷ್ಟು ಜನ ಕೆಮ್ಮುತ್ತಿದ್ದಾರೆ. ಉಳಿದವರು ಕೆಮ್ಮುವವರಿಂದ ಮುಖ ತಿರುಗಿಸಿಕೊಂಡಿದ್ದಾರೆ. ಕೊರೊನಾ ಕಲಿಸಿಹೋದ ಪಾಠಗಳಲ್ಲಿ ಜನ ಉಳಿಸಿಕೊಂಡದ್ದು ಇದೊಂದೇ ಇರಬೇಕು.

ನೀವು ಡಾಕ್ಟರಮ್ಮನ ಮೇಜಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದೀರಿ. ಒಳಗೆ ಬರುತ್ತಿರುವ ಹೆಂಗಸನ್ನು ಹೆಸರು ಹಿಡಿದು ಹುಡುಕಲು ಹೋಗಬೇಡಿ. ಇಂಥ ಕಾಯಿಲೆಯವರ ಲಕ್ಷಣಗಳನ್ನೆಲ್ಲ ಕೂಡಿಸಿ ನಾನು ಕಟ್ಟಿಕೊಂಡ ರೋಗಿ ಆಕೆ. ಡಾಕ್ಟರಮ್ಮನೂ ಹಾಗೆಯೇ. ಮಳೆ, ತೋಟ, ಕಾಯಿಲೆ ಮಾತ್ರ ಕಟ್ಟುಕಥೆಯಲ್ಲ.

ವಯಸ್ಸು ನಲವತ್ತೈದರ ಆಸುಪಾಸು. ಸುಂಟಿಕೊಪ್ಪದ ಕಡೆಯ ತೋಟವೊಂದರ ಲೈನ್‌ಮನೆಯಲ್ಲಿ ವಾಸ. ಜೊತೆಗೆ ಮಗ ಬಂದಿದ್ದಾನೆ, ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ನಾಲ್ಕು ದಿನದಿಂದ ಜ್ವರ, ಕೆಮ್ಮು, ನಡೆದರೆ ಏದುಸಿರು. ಮನೆಯಲ್ಲಿ ಮೊಮ್ಮಗುವಿಗೂ ನೆಗಡಿ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಾರೆ. ಯಂತ್ರ ತಡಬಡಾಯಿಸುತ್ತದೆ, ಬೆರಳು ತಣ್ಣಗಿದ್ದರೆ ಅದಕ್ಕೆ ನಾಡಿ ಸಿಗುವುದಿಲ್ಲ. ಕೈ ಉಜ್ಜಿ ಬೆಚ್ಚಗೆ ಮಾಡಿದ ಮೇಲೆ ಆಕ್ಸಿಜನ್ 94 ಎನ್ನುತ್ತದೆ. ಕಾರಿಡಾರಿನ ಕೊನೆವರೆಗೆ ಹೋಗಿ ಬರಲು ಹೇಳುತ್ತಾರೆ. ಬಂದು ಕೂತಾಗ 87. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ನಿಜ. ಆದರೆ ಆ ಎತ್ತರ 87ಕ್ಕೆ ನೆಪವಾಗುವುದಿಲ್ಲ.

ಎಕ್ಸ್‌ರೇ ಆಗಿ ಬರುತ್ತದೆ. ಎರಡೂ ಶ್ವಾಸಕೋಶಗಳ ತಳದಲ್ಲಿ ಬಿಳಿ ಮಬ್ಬು. ಪಕ್ಕದಲ್ಲಿ ನಿಂತ ಹೌಸ್‌ಸರ್ಜನ್ ಹುಡುಗ ತಡಮಾಡದೆ ‘ವೈರಲ್ ನ್ಯುಮೋನಿಯಾ’ ಎನ್ನುತ್ತಾನೆ. ಜ್ವರವಿದೆ, ಮನೆಯಲ್ಲಿ ನೆಗಡಿಯಿದೆ, ಹೊರಗೆ ಮಳೆಯಿದೆ, ಚಿತ್ರ ಹಾಗೇ ಇದೆ. 2020ರ ಮಾರ್ಚ್‌ನಲ್ಲಿ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣ ಪತ್ತೆಯಾದ ಮೇಲೆ ಇಂಥ ಚಿತ್ರಗಳನ್ನು ನೋಡಿ ನೋಡಿಯೇ ಇಲ್ಲಿಯವರ ಕಣ್ಣು ಪಳಗಿದ್ದು. ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಡಾಕ್ಟರಮ್ಮನೂ ಅಲ್ಲಗಳೆಯುವುದಿಲ್ಲ. ರೋಗಿಗೆ ಮಾಸ್ಕ್ ಕೊಟ್ಟು, ಬೇರೆ ಕೂರಿಸಿ, ಇನ್‌ಫ್ಲುಯೆಂಜಾಕ್ಕೂ ಕೋವಿಡ್‌ಗೂ ಗಂಟಲ ಸ್ವಾಬ್ ತೆಗೆಸುತ್ತಾರೆ. ಕಫವನ್ನು ಟಿ.ಬಿ. ಪರೀಕ್ಷೆಗೆ ಕಳಿಸುತ್ತಾರೆ. ನಮ್ಮ ದೇಶದಲ್ಲಿ ಎದೆಯ ಚಿತ್ರದಲ್ಲಿ ಏನು ಕಂಡರೂ ಟಿ.ಬಿ.ಯನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಇನ್‌ಫ್ಲುಯೆಂಜಾಕ್ಕೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯನ್ನೂ ವರದಿಗೆ ಕಾಯದೆ ಶುರು ಮಾಡುತ್ತಾರೆ.

ಆಮೇಲೆ ಸ್ಟೆತಸ್ಕೋಪನ್ನು ಬೆನ್ನಿನ ಕೆಳಭಾಗಕ್ಕೆ ಇಡುತ್ತಾರೆ. ಒಂದು ಕಡೆ, ಇನ್ನೊಂದು ಕಡೆ, ಮತ್ತೆ ಮೊದಲಿನ ಕಡೆ. ನಿಮ್ಮನ್ನು ಕರೆದು ಕಿವಿಗೆ ಕೊಡುತ್ತಾರೆ. ಉಸಿರು ಒಳಗೆಳೆದುಕೊಳ್ಳುವ ಕೊನೆಯಲ್ಲಿ ಶಾಲೆ ಮಕ್ಕಳ ಬೂಟಿನ ವೆಲ್ಕ್ರೊ ಪಟ್ಟಿ ಬಿಚ್ಚಿದ ಸದ್ದು. ಕಫದ ಗೊರಗೊರ ಅಲ್ಲ, ಒಣ ಸದ್ದು. ಕೆಮ್ಮಲು ಹೇಳಿ ಮತ್ತೆ ಕೇಳಿಸುತ್ತಾರೆ. ಹೋಗಿಲ್ಲ, ಅಲ್ಲೇ ಇದೆ.

“ಕೆಮ್ಮು ಯಾವತ್ತಿಂದ?”

“ನಾಲ್ಕು ದಿನ.”

“ಅದಕ್ಕೆ ಮುಂಚೆ ಇರಲೇ ಇಲ್ಲವಾ?”

“ಇತ್ತು, ಮಳೆ ಹಿಡಿದಾಗಿಂದ.”

ಇಲ್ಲಿ ಬಹಳಷ್ಟು ಕೇಸ್ ಶೀಟುಗಳು ನಿಂತುಬಿಡುತ್ತವೆ. ‘ಒಂದು ತಿಂಗಳ ಕೆಮ್ಮು, ನಾಲ್ಕು ದಿನದ ಜ್ವರ’ ಎಂದು ಬರೆದು ಮುಂದಿನವರನ್ನು ಕರೆಯುವುದೇ ರೂಢಿ. ಬೆಂಚಿನಲ್ಲಿ ಇನ್ನೂ ಅರವತ್ತು ಜನ ಇದ್ದಾಗ ಯಾರನ್ನು ದೂರುವುದು? ಡಾಕ್ಟರಮ್ಮ ಮಾತ್ರ ಕೊಡಗಿನ ಕ್ಯಾಲೆಂಡರ್ ಹಿಡಿದು ಕೇಳುತ್ತಾರೆ: “ಹೂಮಳೆ ಬಿದ್ದಾಗ ಹೇಗಿದ್ದಿರಿ?” ತೋಟದವರಿಗೆ ತಾರೀಖು ಮರೆತೀತು, ಕಾಫಿ ಹೂವರಳಿಸುವ ಆ ಮಳೆ ಬಿದ್ದ ವಾರ ಮರೆಯುವುದಿಲ್ಲ. ಆಕೆ ಯೋಚಿಸುತ್ತಾಳೆ. ಹೂಮಳೆ ಹೊತ್ತಿಗೇ ಗುಡ್ಡ ಹತ್ತುವಾಗ ದಮ್ಮು ಕಟ್ಟುತ್ತಿತ್ತು. ತೋಟದ ರೈಟರು ‘ಯಾಕಮ್ಮ ಹಿಂದೆ ಬೀಳ್ತಿ’ ಎಂದು ಗದರಿದ್ದ. ಬೆಳಗ್ಗೆ ಎದ್ದರೆ ಕೈಬೆರಳು ಮಡಚಲು ಆಗುತ್ತಿರಲಿಲ್ಲ, ಎಂಟು ಗಂಟೆ ಮೇಲೆ ಸಡಿಲವಾಗುತ್ತಿತ್ತು. ಸೀರೆ ಸಡಿಲವಾಗಿದೆ ಎಂದು ಅಕ್ಕಪಕ್ಕದವರು ಹೇಳಿದ್ದೂ ಆಗಲೇ.

ಅಂದರೆ ಮಾರ್ಚ್. ನಾಲ್ಕು ದಿನದ ಕಾಯಿಲೆ ಒಂದೇ ಪ್ರಶ್ನೆಗೆ ನಾಲ್ಕು ತಿಂಗಳಷ್ಟು ಹಿಂದೆ ಸರಿಯಿತು.

ಇನ್‌ಫ್ಲುಯೆಂಜಾ ಸೋಂಕು ತಗಲಿದ ಒಂದರಿಂದ ನಾಲ್ಕು ದಿನದಲ್ಲಿ ಎದ್ದು ಕೂರುತ್ತದೆ. ಕೋವಿಡ್ ಹೆಚ್ಚೆಂದರೆ ಎರಡು ವಾರ ತೆಗೆದುಕೊಳ್ಳುತ್ತದೆ. ಬಂದ ಮೇಲೆ ಎರಡನೇ ವಾರದೊಳಗೆ ಇತ್ತಲಾಗೋ ಅತ್ತಲಾಗೋ ಎಂಬುದು ತಿಳಿಯುತ್ತದೆ. ದೇಹ ತನ್ನನ್ನು ತಾನೇ ಕಚ್ಚಿಕೊಳ್ಳುವ ಸ್ವಯಂನಿರೋಧಕ ಕಾಯಿಲೆಗಳಿಗೆ ಅಂಥ ಅವಸರವಿಲ್ಲ. ಸೋಂಕಿನ ವಿರುದ್ಧ ಕಾವಲಿರಬೇಕಾದ ರೋಗನಿರೋಧಕ ವ್ಯವಸ್ಥೆ ಸ್ವಂತ ಅಂಗಾಂಶವನ್ನೇ ಪರಕೀಯವೆಂದು ಭಾವಿಸಿ ಮೇಲೆ ಬೀಳುತ್ತದೆ: ಸಂಧಿವಾತದಲ್ಲಿ ಕೀಲಿನ ಮೇಲೆ, ಮಯೋಸೈಟಿಸ್‌ನಲ್ಲಿ ಸ್ನಾಯುವಿನ ಮೇಲೆ, ಸ್ಕ್ಲೀರೋಡರ್ಮಾದಲ್ಲಿ ಚರ್ಮದ ಮೇಲೆ. ಈ ಮೂರಕ್ಕೂ ಶ್ವಾಸಕೋಶ ಇಷ್ಟದ ಜಾಗ. ಗಾಳಿಗೂಡುಗಳ ತೆಳುಗೋಡೆ ಊದಿಕೊಂಡು ನೀರಾಡುತ್ತದೆ, ಆಮೇಲೆ ಕಲೆಗಟ್ಟುತ್ತದೆ. ವೈರಸ್ ಬಂದಾಗಲೂ ಊದುವುದು ಅದೇ ಗೋಡೆ. ಚಿತ್ರದಲ್ಲಿ ಕಾಣುವುದು ಗಾಯವೇ ಹೊರತು ಗಾಯ ಮಾಡಿದವರು ಯಾರೆಂಬುದಲ್ಲ.

“ಕೈ ಕೊಡಿ.”

ಆಕೆ ಅಂಗೈ ಚಾಚುತ್ತಾಳೆ. ಡಾಕ್ಟರಮ್ಮ ಕಿಟಕಿಯ ಬೆಳಕಿಗೆ ಅದನ್ನು ತಿರುಗಿಸಿ ಹಿಡಿಯುತ್ತಾರೆ. ನೀವೂ ಬಗ್ಗಿ ನೋಡಿ. ತೋರುಬೆರಳಿನ ಪಕ್ಕ, ಹೆಬ್ಬೆರಳು ತಾಗುವ ಕಡೆ, ಚರ್ಮ ದಪ್ಪಗಟ್ಟಿ ಅಡ್ಡಡ್ಡ ಬಿರಿದಿದೆ. ಬಿರುಕಿನೊಳಗೆ ಕಪ್ಪು ಗೆರೆ. ಹೆಬ್ಬೆರಳಿನ ಎದುರು ಬದಿಯಲ್ಲೂ ಹಾಗೆಯೇ. ಎರಡೂ ಕೈಯಲ್ಲಿ.

“ಇದು ಕಾಫಿ ಕುಯ್ದು ಆಗಿದ್ದು,” ಎನ್ನುತ್ತಾನೆ ಮಗ.

ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗಿ ಜನವರಿಗೆ ಮುಗಿಯುತ್ತದೆ. ರೊಬಸ್ಟಾ ಫೆಬ್ರವರಿ, ತಪ್ಪಿದರೆ ಮಾರ್ಚ್. ಈಗ ಜುಲೈ. ತೋಟದಲ್ಲಿ ಕುಯ್ಯಲು ಏನೂ ಇಲ್ಲ. ಕಳೆ ತೆಗೆಯುವುದು, ಗದ್ದೆಯಿದ್ದರೆ ನಾಟಿ. ಇಡೀ ದಿನ ನೀರಿನಲ್ಲಿರುವ ಕೈ ನೆನೆದು ಸುಕ್ಕಾಗಬೇಕು. ಇದು ಒಣಗಿ ಬಿರಿದಿದೆ. ಕೊಯ್ಲು ಮುಗಿದು ನಾಲ್ಕೈದು ತಿಂಗಳಾದರೂ, ಇಂಥ ಮಳೆಯಲ್ಲೂ, ಕೂಡಿಕೊಳ್ಳದ ಬಿರುಕು.

ವೈದ್ಯರು ಇದನ್ನು ‘ಮೆಕ್ಯಾನಿಕ್ ಕೈ’ ಎನ್ನುತ್ತಾರೆ, ಗ್ಯಾರೇಜಿನವರ ಕೈಯ ಹಾಗೆ ಕಾಣುವುದರಿಂದ. ಗ್ಯಾರೇಜಿನವರಿಗೇ ಬಂದರೆ ಗುರುತಿಸುವುದು ಹೇಗೆಂದು ಕೇಳಬೇಡಿ. ಕೊಡಗಿನಲ್ಲಿ ಆಗುವ ತೊಂದರೆಯೂ ಸರಿಯಾಗಿ ಅದೇ, ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಅದನ್ನೇ. ಇಂಥ ಸ್ವಯಂನಿರೋಧಕ ಕಾಯಿಲೆಯ ಒಂದೊಂದು ಸುಳಿವಿಗೂ ಇಲ್ಲಿನ ಬದುಕಿನಲ್ಲಿ ಒಂದೊಂದು ನೆಪ ಸಿದ್ಧವಿದೆ. ಬೆರಳು ಬಿರಿದರೆ ಕಾಫಿ. ಕೆಮ್ಮಿದರೆ ಮಳೆ. ದಮ್ಮು ಕಟ್ಟಿದರೆ ಗುಡ್ಡ. ಕೀಲು ನೋವಾದರೆ ‘ಚಿಕುನ್‌ಗುನ್ಯಾ ಬಂದಿತ್ತಲ್ಲ, ಅದರ ಉಳಿಕೆ’. 2006ರಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಮೀರಿ ಶಂಕಿತ ಪ್ರಕರಣಗಳಿದ್ದ ಕಾಯಿಲೆ ಅದು. ಇವತ್ತಿಗೂ ಊರೂರಲ್ಲಿ ಗಂಟುನೋವೆಲ್ಲ ಅದರ ಖಾತೆಗೇ ಜಮೆ.

ಇನ್ನೊಂದು ನೆಪ ಚಳಿ. ಡಾಕ್ಟರಮ್ಮ ಕೇಳುತ್ತಾರೆ: “ಪಾತ್ರೆ ತೊಳೆಯುವಾಗ ಬೆರಳು ಬೆಳ್ಳಗಾಗುತ್ತಾ?” ಆಕೆ ನಗುತ್ತಾಳೆ. ಡಿಸೆಂಬರ್‌ನಲ್ಲಿ ಎಲ್ಲರಿಗೂ ಆಗುತ್ತದಲ್ಲ! ಆಗುವುದಿಲ್ಲ. ಎಲ್ಲರ ಕೈಯೂ ತಣ್ಣಗಾಗುತ್ತದೆ, ಮರಗಟ್ಟುತ್ತದೆ. ಬೆರಳಿನ ಅರ್ಧದವರೆಗೆ ಗೆರೆ ಎಳೆದ ಹಾಗೆ ಸುಣ್ಣದ ಬಿಳುಪಾಗಿ, ಆಮೇಲೆ ನೀಲಿಯಾಗಿ, ಒಲೆಗೆ ಹಿಡಿದಾಗ ಕೆಂಪಾಗಿ ಜುಮ್ಮೆನ್ನುವುದು ರೇನಾಡ್. ರಕ್ತನಾಳ ಚಳಿಗೆ ಅತಿಯಾಗಿ ಮುದುಡಿಕೊಳ್ಳುವುದು. ಅದಷ್ಟೇ ಇದ್ದರೆ ಗಾಬರಿಯಿಲ್ಲ, ಬರೀ ರೇನಾಡ್ ಇಟ್ಟುಕೊಂಡು ಬದುಕು ಕಳೆದವರು ಬೇಕಾದಷ್ಟಿದ್ದಾರೆ. ಒಣ ಕೆಮ್ಮು, ಬಿರಿದ ಬೆರಳು, ಬಿಗಿದ ಕೀಲು ಜೊತೆಯಾದಾಗ ಮಾತು ಬೇರೆ. ಆಕ್ಸಿಮೀಟರ್ ಬೆಳಗ್ಗೆ ತಡಬಡಾಯಿಸಿದ್ದು ಈಗ ನಿಮಗೆ ನೆನಪಾಗುತ್ತಿರಬಹುದು.

“ಆ ಕವರಲ್ಲಿ ಏನಿದೆ?”

ಮಗ ಮೇಜಿನ ಮೇಲೆ ಸುರಿಯುತ್ತಾನೆ. ರೇಷನ್ ಕಾರ್ಡಿನ ಜೆರಾಕ್ಸ್, ಮೆಡಿಕಲ್ ಶಾಪಿನ ಚೀಟಿಗಳು, ಸುರುಳಿ ಸುತ್ತಿಕೊಂಡ ಒಂದು ಎಕ್ಸ್‌ರೇ. ಏಪ್ರಿಲ್‌ನಲ್ಲಿ ತೆಗೆದದ್ದು. ಆಗಲೂ ‘ನ್ಯುಮೋನಿಯಾ’ ಅಂದಿದ್ದರು, ಆಂಟಿಬಯಾಟಿಕ್ ಕೊಟ್ಟಿದ್ದರು. ಚೀಟಿಯಲ್ಲಿ ಅದರ ಕೆಳಗೆ ಪ್ರೆಡ್ನಿಸೊಲೋನ್, ಐದು ದಿನಕ್ಕೆ. “ಆ ಸಣ್ಣ ಮಾತ್ರೆ ತಿಂದಾಗ ಚೆನ್ನಾಗಿತ್ತು ಡಾಕ್ಟ್ರೆ, ಗುಡ್ಡ ಹತ್ತಿದೆ. ಮುಗಿದ ವಾರಕ್ಕೆ ಮತ್ತೆ ಶುರು.”

ಡಾಕ್ಟರಮ್ಮ ಎರಡು ಫಿಲ್ಮನ್ನೂ ಲೈಟ್ ಬಾಕ್ಸಿಗೆ ಸಿಕ್ಕಿಸುತ್ತಾರೆ. ಎಡಕ್ಕೆ ಏಪ್ರಿಲ್, ಬಲಕ್ಕೆ ಜುಲೈ. ಮಬ್ಬು ಅದೇ ಜಾಗದಲ್ಲಿದೆ. ಬಲದ್ದರಲ್ಲಿ ಸ್ವಲ್ಪ ಮೇಲೇರಿದೆ, ಶ್ವಾಸಕೋಶ ಸ್ವಲ್ಪ ಕುಗ್ಗಿದೆ. ವೈರಸ್ ಮೂರು ತಿಂಗಳು ಒಂದೇ ಮೂಲೆಯಲ್ಲಿ ಬಿಡಾರ ಹೂಡುವುದು ಅಪರೂಪ. ಕೋವಿಡ್ ಬಿಟ್ಟುಹೋದ ಕಲೆ ಹಾಗೆ ಉಳಿಯಬಹುದು, ಆದರೆ ಅದು ಇದ್ದಲ್ಲೇ ಇರುತ್ತದೆ ಇಲ್ಲವೆ ತಿಳಿಯಾಗುತ್ತದೆ, ಮೇಲೇರುತ್ತ ಹೋಗುವುದು ವಿರಳ. ಈ ಹಳೆಯ ಫಿಲ್ಮಿನಷ್ಟು ಅಗ್ಗದ, ಇದರಷ್ಟು ಉಪಯೋಗದ ಪರೀಕ್ಷೆ ಇನ್ನೊಂದು ನನಗೆ ಗೊತ್ತಿಲ್ಲ. ಆದರೂ ಮನೆ ಗುಡಿಸುವಾಗ ಮೊದಲು ಆಚೆ ಹೋಗುವುದು ಅದೇ.

ಆ ಸಣ್ಣ ಮಾತ್ರೆಯ ಬಗ್ಗೆಯೂ ಒಂದು ಮಾತು. 2020ರ ಜೂನ್ 16ರಂದು ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಹೊರಬಿತ್ತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಕೊಟ್ಟರೆ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವು ಮೂರನೇ ಒಂದರಷ್ಟು ತಗ್ಗಿತು, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದರಷ್ಟು. ಆಕ್ಸಿಜನ್ ಬೇಡದವರಿಗೆ ಲಾಭವಾಗಲಿಲ್ಲ. ಈ ಕೊನೆಯ ವಾಕ್ಯ ನಮ್ಮ ಊರುಗಳನ್ನು ತಲುಪುವ ಹೊತ್ತಿಗೆ ಉದುರಿಹೋಗಿತ್ತು. ಕೆಮ್ಮಿಗೆಲ್ಲ ಸ್ಟೆರಾಯ್ಡ್ ಎಂಬಂತಾಯಿತು. ಇನ್‌ಫ್ಲುಯೆಂಜಾದಲ್ಲಿ ಸ್ಟೆರಾಯ್ಡ್ ಕೊಟ್ಟವರ ಸಾವಿನ ಪ್ರಮಾಣವೇ ಹೆಚ್ಚು ಕಂಡುಬಂದ ಅಧ್ಯಯನಗಳಿವೆ. ಸ್ವಯಂನಿರೋಧಕ ಕಾಯಿಲೆಯಲ್ಲೋ ಅದೇ ಮುಖ್ಯ ಔಷಧಿ, ಆದರೆ ತಿಂಗಳುಗಟ್ಟಲೆ, ಲೆಕ್ಕ ಹಾಕಿ. ಐದು ದಿನದ ಕೋರ್ಸ್ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಮರೆಮಾಡುತ್ತದೆ. ಮಾತ್ರೆ ನಿಂತ ವಾರಕ್ಕೇ ಮರಳಿ ಬಂದದ್ದನ್ನು ಡಾಕ್ಟರಮ್ಮ ಕೇಸ್ ಶೀಟಿನಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತಾರೆ.

ಪ್ರಶ್ನೆಗಳು ಇನ್ನೂ ಮುಗಿದಿಲ್ಲ. ಮನೆಯಲ್ಲಿ ಪಾರಿವಾಳ ಸಾಕಿದ್ದೀರಾ, ಗೋಡೆಗೆ ಬೂಷ್ಟು ಹಿಡಿದಿದೆಯಾ, ಮುಗ್ಗಿದ ಹುಲ್ಲು ಬಿಡಿಸಿದ್ದೀರಾ? ಕೇಳಲು ಕಾರಣವಿದೆ. ದೇಶದ 19 ನಗರಗಳ 27 ಆಸ್ಪತ್ರೆಗಳಲ್ಲಿ 1,084 ರೋಗಿಗಳನ್ನು ದಾಖಲಿಸಿ 2017ರಲ್ಲಿ ಪ್ರಕಟವಾದ ಶ್ವಾಸಕೋಶ ತಂತುರೋಗಗಳ ನೋಂದಣಿಯಲ್ಲಿ ಸುಮಾರು ಶೇ 47 ಮಂದಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಬೂಷ್ಟು, ಹಕ್ಕಿಯ ಪುಕ್ಕದಂಥವನ್ನು ಉಸಿರಾಡಿ ಬರುವ ಅಲರ್ಜಿಯ ಊತ ಅದು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಏರ್ ಕೂಲರ್ ಗಾಳಿಗೆ ಮೈಯೊಡ್ಡಿದವರು. ಮಡಿಕೇರಿಯಲ್ಲಿ ಏರ್ ಕೂಲರ್ ಮಾರಲು ಹೊರಟವನಿಗೆ ದೇವರೇ ಗತಿ, ಆದರೆ ಬೂಷ್ಟಿಗೆ ಇಲ್ಲಿ ಬರವಿಲ್ಲ. ಸ್ವಯಂನಿರೋಧಕ ಸಂಯೋಜಕ ಅಂಗಾಂಶ ರೋಗಗಳ ಪಾಲು ಅದೇ ನೋಂದಣಿಯಲ್ಲಿ ಶೇ 13.9. ಕಾಫಿಯ ಮೇಲೂ ಒಮ್ಮೆ ಅಪವಾದ ಬಂದಿತ್ತು: 1970ರಲ್ಲಿ ಥೊರಾಕ್ಸ್ ಪತ್ರಿಕೆಯಲ್ಲಿ ‘ಕಾಫಿ ಕೆಲಸಗಾರರ ಶ್ವಾಸಕೋಶ’ ಎಂಬ ಹೊಸ ಕಾಯಿಲೆ ವರದಿಯಾಯಿತು, 80ರ ದಶಕದಲ್ಲಿ ಅದೇ ಪತ್ರಿಕೆಯಲ್ಲಿ ಆ ಪ್ರಕರಣ ಮರುಪರಿಶೀಲನೆಗೂ ಒಳಗಾಯಿತು. ಕೈಗೆ ಸಿಕ್ಕ ಕಾರಣದ ಮೇಲೆ ಹೊರೆ ಹಾಕುವ ಚಾಳಿ ಲೈನ್‌ಮನೆಯವರದಷ್ಟೇ ಅಲ್ಲ.

ಮಧ್ಯಾಹ್ನದ ಹೊತ್ತಿಗೆ ರಕ್ತದ ವರದಿಗಳು ಬರುತ್ತವೆ. ಅವನ್ನು ಓದಿ ನಿಮಗೆ ಬೇಸರವೇ ಆಗಬೇಕು. ಸಿ.ಆರ್.ಪಿ. ಏರಿದೆ, ವೈರಸ್, ಸ್ವಯಂನಿರೋಧಕ ಎರಡರಲ್ಲೂ ಏರುತ್ತದೆ. ಎಲ್.ಡಿ.ಎಚ್., ಫೆರಿಟಿನ್ ಏರಿವೆ, ಎರಡರಲ್ಲೂ ಏರಬಹುದು. ಲಿಂಫೊಸೈಟ್ ಇಳಿದಿದೆ, ವೈರಸ್‌ನಲ್ಲಿ ಸಾಮಾನ್ಯ, ಇನ್ನೊಂದರಲ್ಲೂ ಉಂಟು. ಸ್ನಾಯು ನವೆದಾಗ ರಕ್ತಕ್ಕೆ ಸೋರುವ ಸಿ.ಕೆ. ಮಾತ್ರ ನಾಲ್ಕೈದು ಪಟ್ಟು ಹೆಚ್ಚಿದೆ. ಇನ್‌ಫ್ಲುಯೆಂಜಾ ಕೂಡ ಸಿ.ಕೆ. ಏರಿಸುತ್ತದೆ ಎಂದು ಹೌಸ್‌ಸರ್ಜನ್ ಹೇಳುತ್ತಾನೆ, ಹುಡುಗ ಓದಿಕೊಂಡಿದ್ದಾನೆ. ಡಾಕ್ಟರಮ್ಮ ರೋಗಿಗೆ ಕೈಯೂರದೆ ಕುರ್ಚಿಯಿಂದ ಏಳಲು ಹೇಳುತ್ತಾರೆ. ಆಕೆ ಮುಂದಕ್ಕೆ ವಾಲಿ, ಮತ್ತೆ ಕೂತು, ಕೊನೆಗೆ ಮೇಜಿನ ಅಂಚು ಹಿಡಿದು ಏಳುತ್ತಾಳೆ. ತೊಡೆಯಲ್ಲಿ ಬಲವಿಲ್ಲ. ಜ್ವರದ ಸುಸ್ತಾ? ತಲೆಮೇಲೆ ಹೊರೆ ಎತ್ತಿಕೊಳ್ಳಲಾಗದೆ ಎರಡು ತಿಂಗಳಾಯಿತು ಎನ್ನುತ್ತಾಳೆ.

ಸಿ.ಟಿ. ಸ್ಕ್ಯಾನ್‌ನಲ್ಲಿ ಎರಡೂ ಕೆಳಹಾಲೆಗಳಲ್ಲಿ ಗ್ರೌಂಡ್ ಗ್ಲಾಸ್ ಮಬ್ಬು. ಕೋವಿಡ್ ಕಾಲದಲ್ಲಿ ಪತ್ರಿಕೆ ಓದುವವರ ಬಾಯಲ್ಲೂ ಇದ್ದ ಮಾತು ಅದು. ಕೋವಿಡ್‌ನ ಮಬ್ಬು ಸಾಮಾನ್ಯವಾಗಿ ಶ್ವಾಸಕೋಶದ ಹೊರ ಅಂಚಿಗೆ ಅಂಟಿಕೊಳ್ಳುತ್ತದೆ. ಇಲ್ಲಿ ಹಿಂಬದಿಯಲ್ಲಿ ಹೊರ ಅಂಚಿನ ಒಂದು ತೆಳು ಪಟ್ಟಿ ಮಾತ್ರ ಸ್ವಚ್ಛವಾಗಿ ಉಳಿದಿದೆ. ಮಬ್ಬಿನ ನಡುವೆ ಸಣ್ಣ ಶ್ವಾಸನಾಳಗಳು ಅಗಲವಾಗಿ ಎಳೆದುಕೊಂಡಿವೆ. ಸುತ್ತಲಿನ ಅಂಗಾಂಶ ಕಲೆಗಟ್ಟಿ ಮುದುಡುವಾಗ ನಾಳವನ್ನು ಹೀಗೆ ಎಳೆಯುತ್ತದೆ, ನಾಲ್ಕು ದಿನದಲ್ಲಿ ಆಗುವ ಕೆಲಸವಲ್ಲ. ಹೂಮಳೆಯ ಲೆಕ್ಕ ಇಲ್ಲೂ ಸರಿಹೊಂದುತ್ತದೆ.

ಸಂಜೆಗೆ ಸ್ವಾಬ್ ವರದಿ: ಇನ್‌ಫ್ಲುಯೆಂಜಾ ಇಲ್ಲ, ಕೋವಿಡ್ ಇಲ್ಲ. ಕಫದಲ್ಲಿ ಟಿ.ಬಿ. ಇಲ್ಲ. ಹಾಗೆಂದು ವೈರಸ್ ಅಧ್ಯಾಯ ಮುಗಿಯಿತು ಎನ್ನುವಂತಿಲ್ಲ. ಗಂಟಲಲ್ಲಿ ಸಿಗದ್ದು ಎದೆಯಾಳದಲ್ಲಿರಬಹುದು. ಎರಡು ವೈರಸ್ ಹುಡುಕಿದ್ದೇವೆ, ಇರುವುದು ಹತ್ತಾರು. ಮೊಮ್ಮಗುವಿನ ನೆಗಡಿಯೇ ಈಕೆಯ ಹಳೆಯ ಕಾಯಿಲೆಯನ್ನು ಕೆರಳಿಸಿರಲೂ ಸಾಕು. ‘ಇದೋ ಅದೋ’ ಎಂದು ನಾವು ಕೇಳುತ್ತೇವೆ, ದೇಹ ಕೆಲವೊಮ್ಮೆ ‘ಎರಡೂ’ ಎನ್ನುತ್ತದೆ.

ಮರುದಿನ ಆಕೆಯನ್ನು ಮೈಸೂರಿಗೆ ಕಳಿಸುತ್ತಾರೆ, ಆಕ್ಸಿಜನ್ ಸಿಲಿಂಡರ್ ಜೊತೆ. ಸುಮಾರು 120 ಕಿಲೋಮೀಟರ್. ಕುಶಾಲನಗರ ದಾಟಿದ ಮೇಲೆ ಮಳೆ ತೆಳುವಾಗುತ್ತದೆ, ಪಿರಿಯಾಪಟ್ಟಣದ ಹೊತ್ತಿಗೆ ಹೊಗೆಸೊಪ್ಪಿನ ಹೊಲಗಳ ಮೇಲೆ ಬಿಸಿಲು. ಸಂಧಿವಾತ ತಜ್ಞರು ಎ.ಎನ್.ಎ. ಪರೀಕ್ಷೆ ಮಾಡಿಸಿದರೆ ಬರುವುದು ‘ನೆಗೆಟಿವ್’. ಸ್ವಯಂನಿರೋಧಕ ಕಾಯಿಲೆ ಇಲ್ಲ ಎಂದು ಕೈತೊಳೆದುಕೊಳ್ಳುವ ಇನ್ನೊಂದು ಜಾಗ ಇದು. ಎ.ಎನ್.ಎ. ಹುಡುಕುವುದು ಕೋಶಕೇಂದ್ರದ ಮೇಲೆ ಬೀಳುವ ಪ್ರತಿಕಾಯಗಳನ್ನು. ಈಕೆಯ ಕಾಯಿಲೆಯ ಗುರಿ ಇರುವುದು ಕೇಂದ್ರದ ಹೊರಗೆ, ಕೋಶರಸದಲ್ಲಿ. ತಜ್ಞರು ವರದಿಯ ಕೆಳಗಿನ ಸಣ್ಣಕ್ಷರ ಓದುತ್ತಾರೆ: ಕೋಶರಸದಲ್ಲಿ ಮಿನುಗು ಕಂಡಿದೆ. ಅದಕ್ಕೇ ಲೈನ್ ಬ್ಲಾಟ್ ಪರೀಕ್ಷೆ.

ಲ್ಯಾಬಿನಲ್ಲಿ ನಿಂತು ನೋಡಿ. ಐಸ್‌ಕ್ರೀಂ ಕಡ್ಡಿಗಿಂತ ಸಪೂರವಾದ ಒಂದು ಕಾಗದದ ಪಟ್ಟಿ, ಅದರ ಮೇಲೆ ಅಡ್ಡಡ್ಡ ಕಾಣದ ಗೆರೆಗಳಲ್ಲಿ ಬೇರೆ ಬೇರೆ ಪ್ರೊಟೀನು ಬಳಿದಿರುತ್ತಾರೆ. ರೋಗಿಯ ಸೀರಂ ಹಾಕಿ, ತೊಳೆದು, ಬಣ್ಣದ ದ್ರವ ಹಾಕಿ ಕಾಯಬೇಕು. ಪ್ರತಿಕಾಯ ಯಾವುದಕ್ಕೆ ಅಂಟಿದೆಯೋ ಆ ಗೆರೆ ಕಪ್ಪಾಗುತ್ತದೆ. ತೆಳುವಾಗಿ ಮೂಡಿದ ಗೆರೆಗಳು ಎಷ್ಟೋ ಸಲ ಸುಳ್ಳು. ಸೋಂಕಿನ ಬಿಸಿಯಲ್ಲಿ ದೇಹ ಇಲ್ಲಸಲ್ಲದ ಪ್ರತಿಕಾಯಗಳನ್ನೂ ಉಗುಳುವುದುಂಟು. ಈ ಪಟ್ಟಿಯಲ್ಲಿ ಎರಡು ಗೆರೆ ಗಾಢವಾಗಿ ಏಳುತ್ತವೆ: ಜೋ-1, ರೋ-52 ಎಂಬ ಪ್ರೊಟೀನುಗಳವು. ಕೈ, ಕೀಲು, ಸ್ನಾಯು, ಎದೆ ಎಲ್ಲ ಮೊದಲೇ ಹೇಳಿದ್ದನ್ನು ಪಟ್ಟಿ ಅನುಮೋದಿಸುತ್ತದೆ. ಕಾಯಿಲೆಯ ಹೆಸರು ಆಂಟಿಸಿಂಥೆಟೇಸ್ ಸಿಂಡ್ರೋಮ್.

ಇಂಥ ಪ್ರತಿಕಾಯಗಳ ಗುಂಪಿಗೆ ಹತ್ತಿರದ ಇನ್ನೊಂದರ ಕಥೆ ಹೇಳದೆ ಮುಂದೆ ಹೋಗಲಾರೆ. ಎಂ.ಡಿ.ಎ.5 ಎಂಬುದು ಕೋಶದೊಳಗೆ ನುಸುಳಿದ ವೈರಸ್‌ನ ಆರ್.ಎನ್.ಎ.ಯನ್ನು ಗುರುತಿಸಿ ಕೂಗೆಬ್ಬಿಸುವ ಪ್ರೊಟೀನು. ಕೆಲವರ ದೇಹ ಅದರ ವಿರುದ್ಧವೇ ಪ್ರತಿಕಾಯ ಕಟ್ಟುತ್ತದೆ; ಆಗ ಬರುವ ಶ್ವಾಸಕೋಶದ ಊತ ವಾರಗಳಲ್ಲೇ ಪ್ರಾಣ ತೆಗೆಯುವಷ್ಟು ವೇಗದ್ದು, ಚಿತ್ರ ತೀವ್ರ ಕೋವಿಡ್‌ನ ತದ್ರೂಪ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ 2018ರಿಂದ 2022ರ ನಡುವೆ ಈ ಪ್ರತಿಕಾಯವಿದ್ದ 60 ಜನ ಸಿಕ್ಕರು. ಕೋವಿಡ್ ಬಂದ ಮೇಲೆ ಸಂಖ್ಯೆ ಎದ್ದು ಕಾಣುವಂತೆ ಏರಿತ್ತು. 25 ಮಂದಿಗೆ ಶ್ವಾಸಕೋಶ ಕೆಟ್ಟಿತ್ತು, 8 ಜನ ತೀರಿಕೊಂಡರು. ವೈರಸ್ ಕಾಯಿಲೆ, ಸ್ವಯಂನಿರೋಧಕ ಕಾಯಿಲೆ ಎಂದು ನಾವು ಎಳೆದುಕೊಂಡ ಗೆರೆ ಅಲ್ಲಿ ಎಷ್ಟು ನಿಲ್ಲುತ್ತದೋ.

ಪ್ರೆಡ್ನಿಸೊಲೋನ್, ಮೈಕೊಫಿನೊಲೇಟ್ ಶುರುವಾಗುತ್ತವೆ. ಜೊತೆಗೆ ನ್ಯುಮೊಸಿಸ್ಟಿಸ್ ಶಿಲೀಂಧ್ರ ಹತ್ತದಂತೆ ಕೊಟ್ರಿಮಾಕ್ಸಜೋಲ್. ಆಮೇಲೆ ನ್ಯುಮೊಕಾಕಲ್ ಲಸಿಕೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ಡಿಸ್ಚಾರ್ಜ್ ದಿನ ಆಕೆ ಕೇಳುವುದು ಒಂದೇ: ನವೆಂಬರಿಗೆ ಕೊಯ್ಲಿಗೆ ಹೋಗಬಹುದಾ? ಅಕ್ಟೋಬರಿನಲ್ಲಿ ಉಸಿರಿನ ಪರೀಕ್ಷೆ ಮಾಡಿ ಹೇಳುತ್ತೇನೆ ಎನ್ನುತ್ತಾರೆ ತಜ್ಞರು. ಅಲ್ಲಿಯವರೆಗೆ ಬಿಸಿನೀರಲ್ಲಿ ಕೈ ತೊಳೆಯಿರಿ, ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಜ್ವರ ಬಂದರೆ ಅವತ್ತೇ ಫೋನ್ ಮಾಡಿ. ರೋಗನಿರೋಧಕ ಶಕ್ತಿಯನ್ನು ಔಷಧಿ ಕೊಟ್ಟು ತಗ್ಗಿಸಿದ ಮೇಲೆ ಸೋಂಕಿಗೆ ದಾರಿ ಸಲೀಸು.

ಮಗನಿಗೆ ಸಮಾಧಾನವಿಲ್ಲ. “ಮತ್ತೆ ಜ್ವರ ಬಂದರೆ ಅದು ಈ ಕಾಯಿಲೆಯೋ ಬೇರೆ ಸೋಂಕೋ ಅಂತ ಗೊತ್ತಾಗೋದು ಹೇಗೆ ಸಾರ್?”

“ಮತ್ತೆ ಮೊದಲಿಂದ ನೋಡಬೇಕಪ್ಪ. ಸ್ವಾಬ್, ಕಫ, ಸ್ಕ್ಯಾನ್, ಎಲ್ಲ. ಬೇಕಾದರೆ ಶ್ವಾಸಕೋಶಕ್ಕೆ ನಳಿಕೆ ಇಳಿಸಿ ತೊಳೆದು ಆ ನೀರನ್ನೂ ಪರೀಕ್ಷೆಗೆ ಹಾಕಬೇಕಾದೀತು. ಎರಡು ಫಿಲ್ಮ್ ಇದೆಯಲ್ಲ, ಬರುವಾಗ ಅವನ್ನೂ ತಗೊಂಡು ಬಾ.”